ಕಾರ್ಬನ್ ಫೈಬರ್ ಹಳದಿಯಾಗಿದೆ, ಮಂಕಾಗಿದೆ, ಏನು ಮಾಡಲಿ? ಮೈಸೂರು–ಮಂಡ್ಯದ ಸ್ಪೋರ್ಟ್ಸ್ ಕಾರು ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮೈಸೂರಿನಲ್ಲಿ ಕಾರುಗಳ ಪೇಂಟ್ ಮತ್ತು ಡೀಟೇಲಿಂಗ್ ಕೆಲಸ ಮಾಡುವವರು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾದ ಮೇಲೆ ದುಬಾರಿ ಸ್ಪೋರ್ಟ್ಸ್ ಕಾರುಗಳು ಈ ಕಡೆ ಜಾಸ್ತಿ ಬರುತ್ತಿವೆ. ಜೊತೆಗೇ ಕಾರ್ಬನ್ ಭಾಗಗಳ ಬಗ್ಗೆ ಪ್ರಶ್ನೆಗಳೂ ಬರುತ್ತಿವೆ. ಹೆಚ್ಚಿನವರು ಕೇಳುವ ಹೊತ್ತಿಗೆ ಯಾರೋ ಒಬ್ಬರು ಆಗಲೇ ಪಾಲಿಶ್ ಹೊಡೆದಿರುತ್ತಾರೆ. ಅದು ನಮಗೆ ನಿಜಕ್ಕೂ ಬೇಸರದ ವಿಷಯ. ಕಾರ್ಬನ್ ಭಾಗದಲ್ಲಿ ಎಳೆ, ಎಳೆಗಳನ್ನು ಹಿಡಿದಿಡುವ ಅಂಟಿನಂಥ ರೆಸಿನ್, ಅದರ ಮೇಲೆ ಹೊಡೆಯುವ ಪಾರದರ್ಶಕ ಪೇಂಟ್ ಅಂದರೆ ಕ್ಲಿಯರ್ ಎಂದು ಮೂರು ಪದರಗಳಿವೆ. ಕೆಟ್ಟಿರುವುದು ಯಾವುದು ಎಂದು ಗೊತ್ತಾಗುವ ತನಕ ಕೈ ಹಾಕಬೇಡಿ. ಕೆಳಗಿನ ಉತ್ತರಗಳನ್ನು ಬರೆದಿರುವುದು ಅದಕ್ಕಾಗಿಯೇ.

ಕಾರ್ಬನ್ ಫೈಬರ್ ನಿಜವಾಗಿಯೂ ಹಳದಿಯಾಗುತ್ತದಾ?

ಕಾರ್ಬನ್ ಎಳೆ ಹಳದಿಯಾಗುವುದಿಲ್ಲ. ಪಾಲಿಅಕ್ರಿಲೋನೈಟ್ರೈಲ್ ಎಂಬ ದಾರವನ್ನು ಆಮ್ಲಜನಕ ಇಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿ ಈ ಎಳೆ ಮಾಡುತ್ತಾರೆ. ಒಂದೊಂದು ಎಳೆ 5ರಿಂದ 7 ಮೈಕ್ರಾನ್ ದಪ್ಪ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಅಷ್ಟು ಕಾವಿನಲ್ಲಿ ಹುಟ್ಟಿದ್ದು ನಮ್ಮ ಬಿಸಿಲಿಗೆ ಬಣ್ಣ ಬಿಡುವುದಿಲ್ಲ.

ಹಳದಿಯಾಗುವುದು ಎಳೆಗಳನ್ನು ಹಿಡಿದಿಟ್ಟಿರುವ ಎಪಾಕ್ಸಿ ರೆಸಿನ್. ಸಾಮಾನ್ಯ ಎಪಾಕ್ಸಿಯನ್ನು ಬಿಸ್ಫಿನಾಲ್ ಎ ಎಂಬ ರಾಸಾಯನಿಕದಿಂದ ಮಾಡುತ್ತಾರೆ. ಅದರಲ್ಲಿರುವ ಬೆಂಜೀನ್ ಉಂಗುರಗಳು ಬಿಸಿಲಿನ ಅಲ್ಟ್ರಾವಯಲೆಟ್ ಕಿರಣವನ್ನು ಹೀರುತ್ತವೆ. ಆಗ ಅಣುಗಳ ಕೊಂಡಿ ಒಡೆಯುತ್ತದೆ, ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ಹೊಸ ಅಣುಗಳು ಹುಟ್ಟುತ್ತವೆ. ಈ ಹೊಸ ಅಣುಗಳು ನೀಲಿ ಬೆಳಕನ್ನು ನುಂಗುತ್ತವೆ. ನೀಲಿ ಕಳೆದುಹೋದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ.

ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದ್ದೇ ಅಲ್ವಾ? ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ಬಿದ್ದಂತೆ ಕಪ್ಪಾಗುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಎಪಾಕ್ಸಿಯಲ್ಲಿ ನಡೆಯುವ ಕ್ರಿಯೆ ಬೇರೆ. ಆದರೆ ಇಲ್ಲೂ ಬಣ್ಣ ಬಂದಿರುವುದು ವಸ್ತುವಿನ ಒಳಗೇ. ಶಾಂಪೂ ಹಾಕಿ ಉಜ್ಜಿದರೆ ಹೋಗುವ ಕೊಳೆ ಅದಲ್ಲ.

ಕೋಟಿಗಟ್ಟಲೆ ಕೊಟ್ಟ ಕಾರಿಗೂ ಹೀಗಾಗಬೇಕಾ?

ಒಳ್ಳೆಯ ಕಂಪನಿಗಳು ಇದನ್ನು ತಡೆಯಲು ತುಂಬಾ ಕಷ್ಟಪಡುತ್ತವೆ. ರೆಸಿನ್ ಮೊದಲೇ ತುಂಬಿದ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸುತ್ತಾರೆ. ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ, ಸಾಮಾನ್ಯವಾಗಿ 120ರಿಂದ 180 ಡಿಗ್ರಿಯಲ್ಲಿ ಗಟ್ಟಿ ಮಾಡುತ್ತಾರೆ. ಆಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಕ್ಲಿಯರ್ ಹೊಡೆಯುತ್ತಾರೆ. ಆ ಕ್ಲಿಯರ್‌ನಲ್ಲಿ ಅಲ್ಟ್ರಾವಯಲೆಟ್ ಹೀರುವ ವಸ್ತುಗಳನ್ನು ಬೆರೆಸಿರುತ್ತಾರೆ. ಕೆಳಗಿನ ಎಪಾಕ್ಸಿಯನ್ನು ಕಾಯುವುದು ಈ ಕ್ಲಿಯರ್ ಒಂದೇ. ಅದು ವರ್ಷಗಳಲ್ಲಿ ಸವೆಯುತ್ತದೆ. ಹೀರುವ ವಸ್ತುಗಳ ಶಕ್ತಿಯೂ ನಿಧಾನವಾಗಿ ಮುಗಿಯುತ್ತದೆ.

ಇನ್ನೊಂದು ವಿಷಯ. 1981ರಲ್ಲಿ ಮೆಕ್ಲಾರೆನ್ ಫಾರ್ಮುಲಾ ಒನ್‌ಗೆ ಕಾರ್ಬನ್ ಚಾಸಿಸ್ ತಂದಿತು. 1992ರಲ್ಲಿ ಬಂದ ಮೆಕ್ಲಾರೆನ್ ಎಫ್1 ಅದನ್ನು ರಸ್ತೆ ಕಾರಿಗೂ ತಂದಿತು. ಆ ಚಾಸಿಸ್ ಬಾಡಿಯ ಒಳಗಿರುತ್ತದೆ, ಬಿಸಿಲನ್ನೇ ಕಾಣುವುದಿಲ್ಲ. ತೊಂದರೆ ಬರುವುದು ನೋಡಲಿ ಎಂದು ಹೊರಗೆ ಬಿಟ್ಟ ಕಾರ್ಬನ್‌ಗೆ. ರೂಫ್, ಬಾನೆಟ್, ಸ್ಪಾಯ್ಲರ್, ಮಿರರ್ ಕ್ಯಾಪ್, ಮುಂದಿನ ಸ್ಪ್ಲಿಟರ್, ಸೈಡ್ ಸ್ಕರ್ಟ್, ಹಿಂದಿನ ಡಿಫ್ಯೂಸರ್, ಎಂಜಿನ್ ಮೇಲಿನ ಕವರ್. ಇವುಗಳಲ್ಲಿ ಆಕಾಶಕ್ಕೆ ಮುಖ ಮಾಡಿದ ಭಾಗ ಮೊದಲು ಹಳದಿಯಾಗುತ್ತದೆ. ಪಕ್ಕಕ್ಕೆ ನಿಂತ ಭಾಗ ಎಷ್ಟೋ ಕಾಲ ಚೆನ್ನಾಗಿರುತ್ತದೆ.

ಮೈಸೂರು ತಂಪು ಊರು. ಇಲ್ಲಿ ಬಿಸಿಲಿನ ಚಿಂತೆ ಯಾಕೆ?

ಹವೆ ತಂಪಾಗಿದೆ ಎಂದರೆ ಅಲ್ಟ್ರಾವಯಲೆಟ್ ಕಡಿಮೆ ಎಂದು ಅರ್ಥವಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ಇಲ್ಲಿ ಎಷ್ಟೋ ಕಾರುಗಳು ಬಿಸಿಲಲ್ಲಿ ನಿಂತಿರುತ್ತವೆ.

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಕಿರಣವನ್ನು ತಡೆಯುವ ಗಾಳಿ ತೆಳುವಾಗುತ್ತದೆ. ನಾವಿರುವುದು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ಹೊತ್ತಿಗೆ ಮತ್ತು ಆಗಸ್ಟ್ ಮೂರನೇ ವಾರದ ಸುಮಾರಿಗೆ, ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಫೆರಾರಿ ಕಾರುಗಳು ತಯಾರಾಗುವ ಇಟಲಿಯ ಮರನೆಲ್ಲೊ 44 ಡಿಗ್ರಿಗೂ ಉತ್ತರಕ್ಕಿದೆ. ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದೇ ಇಲ್ಲ. ಬೇಸಿಗೆಯ ನಡುವಿನಲ್ಲೂ 69 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಕಾರು ಕಂಪನಿಗಳು ಫ್ಲಾರಿಡಾ, ಅರಿಜೋನಾದಂಥ ಬಿಸಿಲು ಸೀಮೆಯಲ್ಲಿ ಪೇಂಟ್ ಪರೀಕ್ಷೆ ಮಾಡುತ್ತವೆ ನಿಜ. ಆದರೆ ವರ್ಷಗಟ್ಟಲೆ ಬಯಲಲ್ಲಿ ನಿಲ್ಲಿಸಿದರೆ ಯಾವ ಕ್ಲಿಯರ್ ಆದರೂ ಸೋಲುತ್ತದೆ.

ಮಾರ್ಚ್‌ನಿಂದ ಮೇ ತನಕ ನಮ್ಮ ಕಡೆ ಮಧ್ಯಾಹ್ನದ ಯುವಿ ಇಂಡೆಕ್ಸ್, ಅಂದರೆ ಅಲ್ಟ್ರಾವಯಲೆಟ್ ತೀವ್ರತೆಯ ಅಳತೆ, 11 ದಾಟಿ ಅತಿ ತೀವ್ರ ಮಟ್ಟ ಮುಟ್ಟುವುದು ಸಾಮಾನ್ಯ. ಮೋಡ ಇದ್ದ ದಿನವೂ ಒಂದಿಷ್ಟು ಕಿರಣ ಇಳಿದೇ ಇಳಿಯುತ್ತದೆ. ಕಾರ್ಬನ್ ಕಪ್ಪಗಿರುವುದರಿಂದ ಬಿಸಿಯನ್ನೂ ಚೆನ್ನಾಗಿ ಹೀರುತ್ತದೆ. ಗಾಳಿಯ ಉಷ್ಣಾಂಶ 34 ಇದ್ದರೂ ಬಾನೆಟ್ ಮೇಲೆ 70 ಡಿಗ್ರಿ ಮುಟ್ಟಬಹುದು. ಬೆಳಕು ಶುರು ಮಾಡಿದ ಹಾಳನ್ನು ಶಾಖ ಬೇಗ ಮುಗಿಸುತ್ತದೆ.

ಯಾವ ಪದರ ಕೆಟ್ಟಿದೆ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಇದೇ ಮುಖ್ಯ ಪ್ರಶ್ನೆ. ಪಾಲಿಶ್ ಮೆಷಿನ್ ಮುಟ್ಟುವ ಮೊದಲು ಇಷ್ಟು ನೋಡಿ.

ಮೊದಲು ಕಾರು ತೊಳೆದು, ಮೋಡದ ಬೆಳಕಿನಲ್ಲಿ ಅಥವಾ ಬೆಳಿಗ್ಗೆಯ ನೆರಳಿನಲ್ಲಿ ನಿಲ್ಲಿಸಿ. ಟ್ಯೂಬ್‌ಲೈಟ್ ಕೆಳಗೆ ಹಳದಿ ಸರಿಯಾಗಿ ಗೊತ್ತಾಗುವುದಿಲ್ಲ. ಬಿಸಿಲು ಕಾಣದ ಜಾಗವನ್ನು ಹುಡುಕಿ. ಬಾನೆಟ್ಟಿನ ಮಡಿಕೆಯ ಒಳಗೆ, ಬ್ಯಾಡ್ಜ್ ಅಂಚಿನ ಕೆಳಗೆ, ಬಾಗಿಲು ಮುಚ್ಚಿದಾಗ ಮರೆಯಾಗುವ ಸಿಲ್‌ನ ತುದಿ. ಅಲ್ಲಿನ ಬಣ್ಣವನ್ನು ಹೊರಗಿನದಕ್ಕೆ ಹೋಲಿಸಿ. ಬಿಳಿ ಕಾಗದದ ಚೂರು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಎರಡೂ ಕಡೆ ಒಂದೇ ಬಣ್ಣವಿದ್ದರೆ ಅದು ಮೊದಲಿನಿಂದಲೂ ಇದ್ದ ರೆಸಿನ್ ಛಾಯೆ. ಕೆಲವು ಎಪಾಕ್ಸಿಗಳು ಹೊಸದರಲ್ಲೇ ಜೇನು ಬಣ್ಣದವು.

ಮಂಕಾಗಿ, ಬಿಳಿಚಿಕೊಂಡಿದ್ದರೆ ಆ ಜಾಗಕ್ಕೆ ನೀರು ಚಿಮುಕಿಸಿ. ಒದ್ದೆಯಾದ ಕೂಡಲೇ ನೇಯ್ಗೆ ಕಪ್ಪಗೆ, ಆಳವಾಗಿ ಕಂಡು, ಒಣಗಿದ ಮೇಲೆ ಮತ್ತೆ ಮಂಕಾದರೆ ತೊಂದರೆ ಮೇಲ್ಮೈಯಲ್ಲೇ ಇದೆ. ಕ್ಲಿಯರ್‌ನ ಮೈ ಒರಟಾಗಿದೆ ಅಷ್ಟೇ. ಇದು ಪಾಲಿಶ್‌ಗೆ ಬಗ್ಗಬಹುದು. ನೀರು ಹಾಕಿದರೂ ಬಿಳಿ ಹೋಗದಿದ್ದರೆ ಅದು ಒಳಗಿದೆ. ಕ್ಲಿಯರ್ ಮತ್ತು ರೆಸಿನ್ ನಡುವೆ ತೇವ ಹೊಕ್ಕಿರಬಹುದು, ಅಥವಾ ಕ್ಲಿಯರ್ ರೆಸಿನ್‌ನಿಂದ ಬಿಟ್ಟುಕೊಂಡಿರಬಹುದು. ಅಂಥ ಕಡೆ ಪಾಲಿಶ್ ಹೊಡೆದರೆ ಸಿಪ್ಪೆ ಏಳುತ್ತದೆ.

ಆಮೇಲೆ ಬೆರಳ ತುದಿಯಿಂದ ಸವರಿ. ನುಣುಪಾಗಿದ್ದೂ ಹಳದಿಯಾಗಿದ್ದರೆ ಕ್ಲಿಯರ್ ಇನ್ನೂ ನಿಂತಿದೆ, ಕೆಳಗಿನ ಎಪಾಕ್ಸಿ ಬಣ್ಣ ತಿರುಗಿದೆ ಎಂದು ಅನುಮಾನಿಸಿ. ಪುಡಿ ಪುಡಿಯಾಗಿ ಕೈಗೆ ಅಂಟಿದರೆ ಮೇಲಿನ ಪದರವೇ ಕೆಟ್ಟಿದೆ. ನೇಯ್ಗೆಯ ಏರಿಳಿತ ಬೆರಳಿಗೆ ತಾಗಿದರೆ, ಮೇಲೆ ಉಳಿದಿರುವುದು ಬಹಳ ಕಡಿಮೆ ಎಂಬ ಸಾಧ್ಯತೆಯೂ ಇದೆ.

ಕೊನೆಯ ಪರೀಕ್ಷೆಯನ್ನು ಕೆಲಸ ಗೊತ್ತಿರುವವರಿಂದ ಮಾಡಿಸಿ. ಕಾಣದ ಮೂಲೆಯಲ್ಲಿ ನಯವಾದ ವಾಟರ್ ಪೇಪರ್‌ನಿಂದ ಒಂದೆರಡು ಸಲ ಮೆಲ್ಲಗೆ ಉಜ್ಜಿಸಿ, ಬರುವ ನೀರಿನ ಬಣ್ಣ ನೋಡಿ. ಹಾಲಿನಂಥ ಬಿಳಿ ಬಂದರೆ ಅದು ಕ್ಲಿಯರ್ ಅಥವಾ ರೆಸಿನ್. ಕಪ್ಪು ಬಂದರೆ ಎಳೆ ಮುಟ್ಟಿದೆ. ಅಲ್ಲಿಗೇ ನಿಲ್ಲಿಸಬೇಕು.

ಸುಮ್ನೆ ಪಾಲಿಶ್ ಹೊಡೆದರೆ ಹೋಗಲ್ವಾ?

ಮೇಲ್ಮೈಯ ಮಂಕು ಹೋಗುತ್ತದೆ. ರೆಸಿನ್‌ನ ಹಳದಿ ಹೋಗುವುದಿಲ್ಲ. ಕ್ಲಿಯರ್‌ನ ಕೆಳಗಿರುವುದನ್ನು ಮೇಲಿನಿಂದ ಉಜ್ಜಿ ತೆಗೆಯುವುದು ಹೇಗೆ?

ಅಪಾಯ ಇರುವುದು ದಪ್ಪದಲ್ಲಿ. ಸಾಮಾನ್ಯ ಕಾರಿನ ಕಂಪನಿ ಕ್ಲಿಯರ್ 40ರಿಂದ 60 ಮೈಕ್ರಾನ್ ಇರುತ್ತದೆ. ಹೊರಗೆ ಕಾಣುವ ಕಾರ್ಬನ್ ಮೇಲೆ ಜಾಸ್ತಿ ಇರಬಹುದು, ಆದರೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅಂಚುಗಳಲ್ಲಿ ತೆಳು. ಪ್ರತಿ ಸಲ ಕಂಪೌಂಡ್ (ಮೇಲ್ಮೈ ಸವೆಸುವ ಪಾಲಿಶ್ ಪೇಸ್ಟ್) ಹೊಡೆದಾಗಲೂ ಬಿಸಿಲು ತಡೆಯುವ ಪದರ ಸ್ವಲ್ಪ ಸ್ವಲ್ಪ ಹೋಗುತ್ತದೆ. ಅಂದರೆ ಹಳದಿ ತೆಗೆಯಲು ಹೊರಟವರು ಮುಂದಿನ ಹಳದಿಗೆ ದಾರಿ ಮಾಡಿಕೊಡುತ್ತಾರೆ.

ಪೇಂಟ್ ದಪ್ಪ ಅಳೆಯುವ ಸಾಮಾನ್ಯ ಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದನ್ನು ಮಾಡಿರುವುದು ಕಬ್ಬಿಣ, ಅಲ್ಯೂಮಿನಿಯಂ ತಗಡಿಗಾಗಿ. ಕಾರ್ಬನ್ ಮೇಲಿಟ್ಟರೆ ಏನೂ ತೋರಿಸದೆ ಇರಬಹುದು, ಇಲ್ಲವೇ ನಂಬಲಾಗದ ಅಂಕಿ ತೋರಿಸಬಹುದು. ಅಲ್ಟ್ರಾಸೋನಿಕ್ ಮೀಟರ್ ಬೇಕು. ನಿಮ್ಮ ಕಾರಿಗೆ ಕೈ ಹಾಕುವವರ ಹತ್ತಿರ ಅದು ಇದೆಯಾ ಎಂದು ಕೇಳಿ. ಮುಜುಗರ ಬೇಡ, ಕೇಳುವುದು ನಿಮ್ಮ ಹಕ್ಕು.

ಹಾಗಾದರೆ ಹಳದಿಗೆ ಸರಿಯಾದ ರಿಪೇರಿ ಯಾವುದು?

ಹಳೆಯ ಕ್ಲಿಯರ್ ತೆಗೆದು ಹೊಸದು ಹೊಡೆಯುವುದು. ಇದು ತಾಳ್ಮೆಯ ಕೆಲಸ, ಒಂದು ದಿನಕ್ಕೆ ಮುಗಿಯುವುದಲ್ಲ.

ಸಾಧ್ಯವಾದರೆ ಭಾಗವನ್ನು ಬಿಚ್ಚಿಸಿ. ಕಾರಿನ ಮೇಲೇ ಮಾಸ್ಕಿಂಗ್ ಟೇಪ್ ಹಾಕಿ ಹೊಡೆದರೆ ಅಂಚಿನಲ್ಲಿ ಗೆರೆ ಉಳಿಯುತ್ತದೆ, ಒಂದೆರಡು ಮಳೆಗಾಲ ಕಳೆದ ಮೇಲೆ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಬಿಚ್ಚಿದ ಮೇಲೆ ಮೇಣ, ಸಿಲಿಕೋನ್ ಎಲ್ಲ ಒರೆಸಿ ತೆಗೆಯಬೇಕು. ಪೇಂಟ್ ತೆಗೆಯುವ ಸ್ಟ್ರಿಪ್ಪರ್ ಮಾತ್ರ ಹಾಕಲೇಬೇಡಿ. ಅದು ಕ್ಲಿಯರ್ ಯಾವುದು, ಎಪಾಕ್ಸಿ ಯಾವುದು ಎಂದು ನೋಡುವುದಿಲ್ಲ. ಎರಡನ್ನೂ ಮೆತ್ತಗೆ ಮಾಡುತ್ತದೆ. ಕೈಯಿಂದ, ಬ್ಲಾಕ್ ಹಿಡಿದು, ವಾಟರ್ ಪೇಪರ್‌ನಲ್ಲಿ ನಿಧಾನವಾಗಿ ಉಜ್ಜುವುದೇ ಸರಿ. ಹಳದಿ ಮೇಲಿನ ತೆಳು ಪದರದಲ್ಲಿದ್ದರೆ ಉಜ್ಜುತ್ತಾ ಹೋದಂತೆ ಬಣ್ಣ ತಿಳಿಯಾಗುವುದು ಕಣ್ಣಿಗೇ ಕಾಣುತ್ತದೆ. ಎಪಾಕ್ಸಿಯ ಹಳದಿ ಹೆಚ್ಚಾಗಿ ಮೇಲ್ಭಾಗದಲ್ಲೇ ಇರುವುದು ನಮ್ಮ ಅದೃಷ್ಟ, ಯಾಕೆಂದರೆ ಕಿರಣ ಆಳಕ್ಕೆ ಇಳಿಯುವ ಮೊದಲೇ ಅಲ್ಲೇ ಹೀರಿಹೋಗುತ್ತದೆ. ಆದರೆ ಎಳೆ ಮುಟ್ಟುವ ಮೊದಲು ಕೈ ನಿಲ್ಲಲೇಬೇಕು. ನೇಯ್ಗೆಯ ಉಬ್ಬು ತುದಿಗಳು ಒಮ್ಮೆ ಸವೆದರೆ ಅಲ್ಲಿ ಬೂದು ಚುಕ್ಕೆ ಕಾಣಿಸುತ್ತದೆ. ಆ ಚುಕ್ಕೆ ಹೋಗುವುದಿಲ್ಲ.

ಹೊಸ ಕ್ಲಿಯರ್ ಟೂ-ಕೆ ಪಾಲಿಯುರೆಥೇನ್ ಆಗಿರಲಿ, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಜಾತಿ. ಡಬ್ಬದ ಸ್ಪ್ರೇ ಬೇಡ. ಪೇಂಟ್ ಬೂತ್‌ನಲ್ಲಿ ಬೇಕ್ ಮಾಡುವಾಗ, ಅಂದರೆ ಕಾವು ಕೊಟ್ಟು ಒಣಗಿಸುವಾಗ, ಉಷ್ಣಾಂಶದ ಕಡೆ ಗಮನವಿರಲಿ. ಕಂಪನಿಯ ಆಟೋಕ್ಲೇವ್ ಭಾಗಕ್ಕೆ 60 ಡಿಗ್ರಿ ಏನೂ ಅಲ್ಲ. ಆದರೆ ಕೋಣೆಯ ಉಷ್ಣಾಂಶದಲ್ಲಿ ಗಟ್ಟಿ ಮಾಡಿದ ಅಗ್ಗದ ಭಾಗದ ರೆಸಿನ್ 50–70 ಡಿಗ್ರಿಯಲ್ಲೇ ಮೆತ್ತಗಾಗಬಹುದು. ಆಗ ಆಕಾರವೇ ಕೆಡುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಮಳೆ ಹಿಡಿದ ದಿನ ತೆರೆದ ಶೆಡ್ಡಿನಲ್ಲಿ ಹೊಡೆಸಬೇಡಿ. ತೇವ ಒಳಗೇ ಸಿಕ್ಕಿಬಿದ್ದರೆ ಹೊಸ ಕ್ಲಿಯರ್ ಹಾಲಿನಂತೆ ಬಿಳಿಯಾಗುತ್ತದೆ.

ಇನ್ನೊಂದು ಮಾತು, ಇದು ನಿಮ್ಮ ಕಾರಿಗಿಂತ ದೊಡ್ಡದು. ಟೂ-ಕೆ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ಜೀವನಪೂರ್ತಿ ಆಸ್ತಮಾ ಬರಬಹುದು. ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಮಾಡುವ ಹುಡುಗರನ್ನು ನಾವು ಈಗಲೂ ನೋಡುತ್ತೇವೆ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಇಲ್ಲದ ಕಡೆ ಕೆಲಸ ಕೊಡಬೇಡಿ. ಕಾರ್ಬನ್ ಉಜ್ಜುವ ದೂಳೂ ಒಳ್ಳೆಯದಲ್ಲ, ಚರ್ಮ ತುರಿಸುತ್ತದೆ. ಅದಕ್ಕೇ ನೀರು ಹಾಕಿ ಉಜ್ಜಬೇಕು.

ಎಂಜಿನ್ ಹತ್ತಿರದ ಕಾರ್ಬನ್ ಕಂದು ಬಣ್ಣಕ್ಕೆ ತಿರುಗಿದೆ. ಅಲ್ಲಿಗೆ ಬಿಸಿಲೇ ಬೀಳಲ್ಲ.

ಅದು ಶಾಖದ ಕೆಲಸ. ಎಪಾಕ್ಸಿ ಕತ್ತಲಲ್ಲೂ ಬಿಸಿಗೆ ನಿಧಾನವಾಗಿ ಆಕ್ಸಿಡೀಕರಣಗೊಂಡು ಹಳದಿ, ಆಮೇಲೆ ಕಂದು ಆಗುತ್ತದೆ. ಎಂಜಿನ್ ಹಿಂದಿರುವ ಕಾರುಗಳಲ್ಲಿ ಎಕ್ಸಾಸ್ಟ್ ಮತ್ತು ಟರ್ಬೊ ಪಕ್ಕದ ಕವರ್, ಸೈಲೆನ್ಸರ್ ತುದಿಯ ಸುತ್ತಲಿನ ಡಿಫ್ಯೂಸರ್, ಇವೆರಡೇ ಹೆಚ್ಚಾಗಿ ಹೀಗಾಗುವುದು.

ಎಕ್ಸ್‌ಪ್ರೆಸ್‌ವೇಯಲ್ಲಿ ಬಂದು ಮನೆ ಮುಂದೆ ತಟ್ಟನೆ ಎಂಜಿನ್ ಆಫ್ ಮಾಡಿದಾಗ ಗಾಳಿಯ ಓಟ ನಿಲ್ಲುತ್ತದೆ, ಎಕ್ಸಾಸ್ಟ್‌ನ ಕಾವು ಅಲ್ಲೇ ಸುತ್ತುತ್ತದೆ. ಓಡುವಾಗ ಇದ್ದುದಕ್ಕಿಂತ ಜಾಸ್ತಿ ಬಿಸಿ ಕವರ್‌ಗೆ ತಾಗುವುದು ಆಗಲೇ. ಊರೊಳಗೆ ಬಂದ ಮೇಲೆ ಕೊನೆಯ ಕೆಲವು ಕಿಲೋಮೀಟರ್ ಮೆಲ್ಲಗೆ ಓಡಿಸಿ. ನಿಲ್ಲಿಸಿದ ಮೇಲೆ ಎಂಜಿನ್ ಮುಚ್ಚಳ ಸ್ವಲ್ಪ ಹೊತ್ತು ತೆರೆದಿಡಿ. ಬಿಸಿಯಿರುವಾಗ ನೀರು ಎರಚಬೇಡಿ.

ಕಂದು ಆಳಕ್ಕೆ ಇಳಿದಿದ್ದರೆ ಮರಳಿ ಬರುವುದಿಲ್ಲ. ಭಾಗ ಬದಲಿಸುವಾಗ ಹಿಂಬದಿಯ ಶಾಖ ತಡೆಯುವ ಹಾಳೆ ಹರಿದಿದೆಯಾ ಎಂದು ನೋಡಿಸಿ. ಎಷ್ಟೋ ಸಲ ಮೂಲ ಕಾರಣ ಅದೇ. ಅದನ್ನು ಬಿಟ್ಟು ಹೊಸ ಕವರ್ ಹಾಕಿದರೆ ಅದಕ್ಕೂ ಅದೇ ಗತಿ.

ಬೋಲ್ಟ್ ಸುತ್ತ ಬಿಳಿ ಪುಡಿ ಬಂದಿದೆ. ಇದೂ ಬಣ್ಣಗೇಡಾ?

ಅದು ತುಕ್ಕು. ಕಾರ್ಬನ್ ಎಳೆ ವಿದ್ಯುತ್ ಹರಿಸುತ್ತದೆ. ಅಲ್ಯೂಮಿನಿಯಂ ಅದಕ್ಕೆ ನೇರವಾಗಿ ತಾಗಿ, ನಡುವೆ ತೇವ ಸೇರಿದರೆ ಸಣ್ಣ ಬ್ಯಾಟರಿ ಆದಂತೆ. ಕಾರ್ಬನ್‌ಗೆ ಏನೂ ಆಗದು, ಅಲ್ಯೂಮಿನಿಯಂ ತಿಂದುಹೋಗುತ್ತದೆ. ಆ ಪುಡಿ ಉಬ್ಬಿ ಕ್ಲಿಯರ್ ಎತ್ತುತ್ತದೆ, ಸಂದಿಯಿಂದ ನೀರು ಒಳಗೆ ಹೋಗುತ್ತದೆ. ಬೋಲ್ಟ್ ಬದಲಿಸುವಾಗ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟೇನಿಯಂ ಹಾಕಿಸಿ, ನಡುವೆ ನೈಲಾನ್ ವಾಷರ್ ಇರಲಿ. ನಂಬರ್ ಪ್ಲೇಟ್‌ಗೆಂದು ಕಾರ್ಬನ್‌ಗೆ ತೂತು ಕೊರೆಸಿದ್ದರೆ ಆ ತೂತಿನ ಒಳ ಅಂಚಿಗೆ ಎಪಾಕ್ಸಿ ಹಚ್ಚಿ ಮುಚ್ಚಿಸಿ. ಇದನ್ನು ಯಾರೂ ಮಾಡುವುದಿಲ್ಲ, ಆದ್ದರಿಂದಲೇ ಹೇಳುತ್ತಿದ್ದೇವೆ.

ನಮ್ಮದು ಮಂಡ್ಯ ಹತ್ತಿರ ತೋಟದ ಮನೆ. ಬೋರ್ ನೀರಲ್ಲೇ ಕಾರು ತೊಳೆಯುತ್ತೇವೆ. ಬಿಳಿ ಉಂಗುರದಂಥ ಕಲೆ ಬಂದಿದೆ.

ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುತ್ತದೆ. ನೀರು ಆರಿದಾಗ ಅದು ಉಳಿಯುತ್ತದೆ. ಬಿಳಿ ಕಾರಿನಲ್ಲಿ ಕಾಣದ ಕಲೆ ಕಪ್ಪು ಕಾರ್ಬನ್ ಮೇಲೆ ಎದ್ದು ಕಾಣುತ್ತದೆ. ಬಿಸಿಲಲ್ಲಿ ತೊಳೆದರೆ ಹನಿ ಅಲ್ಲೇ ಆರಿ, ಉಪ್ಪು ಕ್ಲಿಯರ್‌ನ ಮೈಯನ್ನೇ ಕೊರೆಯುತ್ತದೆ.

ಹೊಸ ಕಲೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಟ್ಟು, ಚೆನ್ನಾಗಿ ತೊಳೆಯಿರಿ. ನೆರಳಲ್ಲಿ, ಮೈ ತಣ್ಣಗಿರುವಾಗ ಮಾತ್ರ. ನಿಂಬೆಹಣ್ಣನ್ನು ಕತ್ತರಿಸಿ ನೇರವಾಗಿ ಉಜ್ಜಬೇಡಿ. ಕಲೆಯ ಪುಡಿಯೇ ಗೀರು ಹಾಕುತ್ತದೆ. ಮುಂದಕ್ಕೆ ಸುಲಭದ ದಾರಿ ಎಂದರೆ ತೊಳೆಯುವುದು ಬೋರ್ ನೀರಲ್ಲೇ ಆಗಲಿ, ಕೊನೆಯ ಒಂದು ಬಕೆಟ್ ಆರ್‌ಒ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಹಾಕಿ, ಕೂಡಲೇ ಒರೆಸಿಬಿಡಿ.

ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ತರಗಿಗೆ ಬೆಂಕಿ ಹಾಕಿದಾಗ ಹಾರುವ ಬೂದಿಯ ಬಗ್ಗೆಯೂ ಎಚ್ಚರ. ಆಲೆಮನೆಯ ಬೂದಿಯೂ ಅಷ್ಟೇ. ಬೂದಿ ಕ್ಷಾರ. ರಾತ್ರಿಯ ಇಬ್ಬನಿ ಬಿದ್ದು ನೆಂದರೆ ಕಲೆ ಕೂರುತ್ತದೆ. ಒಣ ಬಟ್ಟೆಯಲ್ಲಿ ಒರೆಸದೆ, ಮೊದಲು ನೀರು ಹರಿಸಿ ತೆಗೆಯಿರಿ.

ಮರದ ಕೆಳಗೆ ನಿಲ್ಲಿಸಿದರೆ ಒಳ್ಳೆಯದಾ, ಕೆಟ್ಟದಾ?

ನೆರಳು ಒಳ್ಳೆಯದು, ಹಕ್ಕಿ ಹಿಕ್ಕೆ ಕೆಟ್ಟದ್ದು. ಮೈಸೂರಿನ ಹಳೆಯ ಬಡಾವಣೆಗಳ ದೊಡ್ಡ ಮರಗಳ ಕೆಳಗೆ ಎರಡೂ ಸಿಗುತ್ತವೆ. ಹಿಕ್ಕೆ ಬಿಸಿ ಮೈ ಮೇಲೆ ಬಿದ್ದರೆ ಕೆಲವೇ ಗಂಟೆಯಲ್ಲಿ ಕ್ಲಿಯರ್ ಕೊರೆಯುತ್ತದೆ. ಸಣ್ಣ ಬಾಟಲಿ ನೀರು, ಒಂದು ಮೈಕ್ರೋಫೈಬರ್ ಬಟ್ಟೆ ಕಾರಿನಲ್ಲೇ ಇಟ್ಟುಕೊಳ್ಳಿ.

ಕವರ್ ಹಾಕಿದರೆ ಸಾಕಲ್ವಾ?

ಬೇಸಿಗೆಯಲ್ಲಿ ತುಂಬಾ ಸಹಾಯ. ಮಳೆಗಾಲದಲ್ಲಿ ಒದ್ದೆ ಕಾರಿಗೆ ಗಾಳಿಯಾಡದ ಕವರ್ ಹೊದಿಸಿ ವಾರಗಟ್ಟಲೆ ಬಿಟ್ಟರೆ ತೇವ ಒಳಗೇ ಉಳಿದು ಕ್ಲಿಯರ್ ಅಂಚಿನಿಂದ ಬಿಳಿಚುತ್ತದೆ. ದೂಳು ಕೂತ ಕಾರಿಗೆ ಹಾಕಿದರೂ ಗೀರು. ಶೆಡ್ ಕಟ್ಟಿಸುವ ಜಾಗವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಸೆರಾಮಿಕ್ ಕೋಟಿಂಗ್ ಒಳ್ಳೆಯದಾ, ಪಿಪಿಎಫ್ ಒಳ್ಳೆಯದಾ?

ಹಳದಿ ತಡೆಯಲು ಕೇಳುತ್ತಿದ್ದರೆ ಪಿಪಿಎಫ್, ಅಂದರೆ ಪೇಂಟ್ ಮೇಲೆ ಅಂಟಿಸುವ ಪಾರದರ್ಶಕ ರಕ್ಷಣಾ ಹಾಳೆ. ಸೆರಾಮಿಕ್ ಕೋಟಿಂಗ್ ಒಂದೆರಡು ಮೈಕ್ರಾನ್ ದಪ್ಪದ ಪದರ. ನೀರು ಜಾರುತ್ತದೆ, ತೊಳೆಯುವುದು ಸುಲಭ, ಹೊಳಪು ಚೆನ್ನಾಗಿರುತ್ತದೆ. ಅಷ್ಟು ತೆಳು ಪದರ ಬಿಸಿಲನ್ನು ಹೆಚ್ಚು ತಡೆಯಲಾರದು. ಮಾರುವವರು ಏನೇ ಹೇಳಲಿ, ನಮ್ಮ ಅಭಿಪ್ರಾಯ ಇದೇ.

ಪಿಪಿಎಫ್ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ. ಕಲ್ಲಿನ ಏಟನ್ನೂ ತಡೆಯುತ್ತದೆ. ಆದರೆ ಕಳಪೆ ಹಾಳೆ ತಾನೇ ಹಳದಿಯಾಗುತ್ತದೆ. ಆಗ ಕಾರ್ಬನ್ ಕೆಟ್ಟಿತು ಎಂದು ಗಾಬರಿಯಾಗಿ ಬರುವವರೂ ಇದ್ದಾರೆ. ಹಾಳೆಯ ಒಂದು ಮೂಲೆ ಎತ್ತಿ ನೋಡಿದರೆ ಕೆಳಗೆ ಎಲ್ಲ ಸರಿ ಇರುತ್ತದೆ. ಆಗಲೇ ಬಿಳಿಚಿದ, ಬಿಟ್ಟುಕೊಂಡ ಕ್ಲಿಯರ್ ಮೇಲೆ ಮಾತ್ರ ಪಿಪಿಎಫ್ ಹಾಕಿಸಬೇಡಿ. ಮುಂದೆ ಹಾಳೆ ಕೀಳುವಾಗ ಕ್ಲಿಯರೂ ಜೊತೆಗೇ ಬರುತ್ತದೆ. ಹೊಸ ಕ್ಲಿಯರ್ ಹೊಡೆಸಿದ್ದರೆ ಅದು ಪೂರ್ತಿ ಒಣಗಲು ಕೆಲವು ವಾರ ಬಿಟ್ಟು ಹಾಕಿಸಿ.

ಮ್ಯಾಟ್ ಕಾರ್ಬನ್‌ಗೆ ಹೊಳೆಯುವ ಕಲೆ ಬಂದಿದೆ.

ಯಾರೋ ಅದರ ಮೇಲೆ ಪಾಲಿಶ್ ಅಥವಾ ಮೇಣ ಉಜ್ಜಿದ್ದಾರೆ. ಮೇಣವಾದರೆ ತಕ್ಕ ಕ್ಲೀನರ್‌ನಿಂದ ಹೋಗುತ್ತದೆ. ಪಾಲಿಶ್ ಆಗಿದ್ದರೆ ಆ ಭಾಗಕ್ಕೆ ಮತ್ತೆ ಮ್ಯಾಟ್ ಕ್ಲಿಯರ್ ಹೊಡೆಸಬೇಕು, ಬೇರೆ ದಾರಿಯಿಲ್ಲ. ಸ್ವೀಡನ್ನಿನ ಕೊನಿಗ್‌ಸೆಗ್ ಕಂಪನಿ ಮೇಲಿನ ರೆಸಿನ್ ಪದರವನ್ನೇ ಕೈಯಿಂದ ಉಜ್ಜಿ ತೆಗೆದು ಎಳೆಯನ್ನು ಬರಿದಾಗಿ ಬಿಡುವ ಫಿನಿಶ್ ಕೊಡುತ್ತದೆ. ಅಂಥದ್ದು ಕಂಡರೆ ಕಂಪನಿಯ ಸೂಚನೆ ಓದದೆ ಏನೂ ಹಚ್ಚಬೇಡಿ.

ಒಳಗಿನ ಕಾರ್ಬನ್, ಅಂದರೆ ಸ್ಟೀರಿಂಗ್, ಡ್ಯಾಶ್‌ಬೋರ್ಡ್, ಮಂಕಾಗಿದೆ.

ಸ್ಟೀರಿಂಗ್ ಮೇಲಿನ ಮಂಕಿಗೆ ಹೆಚ್ಚಾಗಿ ಕೈಯ ಬೆವರು, ಸನ್‌ಸ್ಕ್ರೀನ್ ಮತ್ತು ಸ್ಯಾನಿಟೈಸರ್ ಕಾರಣ. ಸ್ಯಾನಿಟೈಸರ್ ಹಚ್ಚಿದ ಕೈ ಆರುವ ತನಕ ಸ್ಟೀರಿಂಗ್ ಹಿಡಿಯಬೇಡಿ. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವುದರಿಂದ ಅದು ಅಲ್ಟ್ರಾವಯಲೆಟ್ ಅನ್ನು ಬಹುತೇಕ ತಡೆಯುತ್ತದೆ. ಪಕ್ಕದ ಗಾಜು ಅಷ್ಟು ತಡೆಯುವುದಿಲ್ಲ. ಅದಕ್ಕೇ ಬಾಗಿಲಿನ ಕಡೆಯ ಕಾರ್ಬನ್ ಮೊದಲು ಬಣ್ಣ ತಿರುಗುತ್ತದೆ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ ಸ್ಪಾಯ್ಲರ್ ಒಂದೇ ಬೇಸಿಗೆಗೆ ಹಳದಿ ಆಯಿತು.

ಅಂಥವು ಹಲವು ಬಾರಿ ಫೈಬರ್ ಗ್ಲಾಸ್ ಮೇಲೆ ಒಂದೇ ಪದರ ಕಾರ್ಬನ್ ಬಟ್ಟೆ ಹಾಸಿ, ಬ್ರಷ್‌ನಲ್ಲಿ ಎಪಾಕ್ಸಿ ಸುರಿದು ಮಾಡಿದವು. ಮೇಲೆ ಬಿಸಿಲು ತಡೆಯುವ ಕ್ಲಿಯರ್ ಇರುವುದೇ ಇಲ್ಲ. ದಪ್ಪ ರೆಸಿನ್ ಇರುವುದರಿಂದ ಹೊಸದರಲ್ಲಿ ಗಾಜಿನಂತೆ ಹೊಳೆಯುತ್ತದೆ, ಜನ ಅದಕ್ಕೇ ಮಾರುಹೋಗುತ್ತಾರೆ. ಹಿಂಬದಿ ತಿರುಗಿಸಿ ನೋಡಿ. ಬಿಳಿ ಅಥವಾ ಹಸಿರು ಛಾಯೆಯ ನಾರು ಕಂಡರೆ ಅದು ಗ್ಲಾಸ್. ಇನ್ನು ಕೆಲವು ಪ್ಲಾಸ್ಟಿಕ್ ಮೇಲೆ ನೇಯ್ಗೆಯ ಚಿತ್ರ ಅಂಟಿಸಿದವು. ಬೆಳಕಿಗೆ ಓರೆ ಮಾಡಿದಾಗ ನಿಜವಾದ ನೇಯ್ಗೆಯ ಹೊಳಪು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತದೆ. ಚಿತ್ರದಲ್ಲಿ ಜಿಗಿಯುವುದಿಲ್ಲ. ಹೊಸ ಭಾಗ ತರಿಸಿದ್ದರೆ ಹಾಕುವ ಮೊದಲೇ ಒಳ್ಳೆಯ ಕ್ಲಿಯರ್ ಹೊಡೆಸಿ. ಕೊನೆಗೆ ಅದೇ ಕಡಿಮೆ ಖರ್ಚು.

ಬಣ್ಣ ಕೆಟ್ಟರೆ ಭಾಗದ ಬಲವೂ ಕಡಿಮೆಯಾಗುತ್ತದಾ?

ಬರೀ ಹಳದಿಗೆ ಹೆದರಬೇಡಿ, ಅದು ಮೇಲ್ಪದರದ ಮಾತು. ಕಲ್ಲು ತಾಗಿದ, ಹಂಪ್‌ಗೆ ಉಜ್ಜಿದ ಜಾಗದಲ್ಲಿ ನಕ್ಷತ್ರದಂಥ ಬಿಳಿ ಗೆರೆ ಬಂದಿದ್ದರೆ ಒಳಗಿನ ಪದರಗಳು ಬಿಟ್ಟುಕೊಂಡಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಬಿಟ್ಟುಕೊಂಡ ಜಾಗ ಡಬ್ ಎನ್ನುತ್ತದೆ. ಎಳೆ ಹೊರಗೆ ಕಾಣುತ್ತಿದ್ದರೆ ಮಳೆಗೆ ಮೊದಲೇ ಮುಚ್ಚಿಸಿ. ಚಾಸಿಸ್‌ನಲ್ಲಿ ಇಂಥದ್ದು ಕಂಡರೆ ಸ್ಥಳೀಯವಾಗಿ ಯಾರ ಕೈಗೂ ಕೊಡದೆ ಕಂಪನಿಯ ತಜ್ಞರಿಗೇ ತೋರಿಸಿ.

ಇನ್ಶೂರೆನ್ಸ್‌ನಲ್ಲಿ ಸಿಗುತ್ತದಾ?

ಬಿಸಿಲಿಗೆ ಆದ ಹಳದಿಗೆ ಸಿಗುವುದಿಲ್ಲ. ಕಾಲಕ್ರಮದ ಸವೆತವನ್ನು ಪಾಲಿಸಿಗಳು ಹೊರಗಿಟ್ಟಿರುತ್ತವೆ. ಅಪಘಾತದಲ್ಲಿ ಕಾರ್ಬನ್ ಭಾಗ ಒಡೆದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ನಮ್ಮ ದೇಶದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಶೇ. 50, ಫೈಬರ್ ಗ್ಲಾಸ್‌ಗೆ ಶೇ. 30 ಸವಕಳಿ ಕಳೆಯುತ್ತಾರೆ. ಕಾರ್ಬನ್ ಫೈಬರ್ ಅನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ ಎಂದು ಪಾಲಿಸಿ ಮಾಡಿಸುವಾಗಲೇ ಬರಹದಲ್ಲಿ ಕೇಳಿ ಪಡೆಯಿರಿ. ಜೀರೋ ಡಿಪ್ರಿಸಿಯೇಶನ್ ಕವರ್ ಇದ್ದರೆ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇನೆ. ಕಾರ್ಬನ್‌ನಲ್ಲಿ ಏನು ನೋಡಬೇಕು?

ಸಂಜೆ ದೀಪದ ಬೆಳಕಿನಲ್ಲಿ ತೋರಿಸುತ್ತೇನೆ ಎಂದರೆ ಒಪ್ಪಬೇಡಿ, ಹಗಲು ಹೋಗಿ. ಕಾರು ತೊಳೆದು ಒಣಗಿರಲಿ. ಒದ್ದೆ ಮೈಯಲ್ಲಿ ಮಂಕು ಕಾಣುವುದಿಲ್ಲ ಎಂದು ಮೇಲೆ ಹೇಳಿದೆವಲ್ಲ. ಮಿರರ್ ಕ್ಯಾಪ್ ಎರಡನ್ನೂ ಹೋಲಿಸಿ. ಒಂದು ಹಳದಿ, ಇನ್ನೊಂದು ಹೊಸದರಂತೆ ಇದ್ದರೆ ಅದನ್ನು ಬದಲಿಸಿದ್ದಾರೆ. ಯಾಕೆ ಎಂದು ಕೇಳಿ, ಬಿಲ್ ನೋಡಿ. ಅಂಚಿನಲ್ಲಿ ಟೇಪ್ ಗೆರೆ ಬೆರಳಿಗೆ ತಾಗಿದರೆ ಮತ್ತೆ ಕ್ಲಿಯರ್ ಹೊಡೆದಿದ್ದಾರೆ. ಅದು ತಪ್ಪೇನಲ್ಲ, ಆದರೆ ಯಾವ ಕ್ಲಿಯರ್, ಯಾವಾಗ ಎಂಬ ದಾಖಲೆ ಇರಬೇಕು. ಡಿಫ್ಯೂಸರ್ ಅನ್ನು ಕೆಳಗೆ ಬಗ್ಗಿ, ಟಾರ್ಚ್ ಹಿಡಿದು ನೋಡಿ. ಸೈಲೆನ್ಸರ್ ಪಕ್ಕ ಕಂದು ಇದ್ದರೆ ಬದಲಿ ಭಾಗದ ಬೆಲೆಯನ್ನು ಕಂಪನಿಯಿಂದ ಬರೆಸಿಕೊಂಡು, ಅದನ್ನು ಮುಂದಿಟ್ಟೇ ಕಾರಿನ ಬೆಲೆ ಮಾತಾಡಿ.